ಖಾಲಿ ಬೋನು

ಲಾರಿಯ ಹಿಂಬಾಗಿಲು ದಡಾರನೆ ಕೆಳಗೆ ಬಿದ್ದಾಗ ರಾಮಮ್ಮ ಕಾಫಿ ಗಿಡಗಳ ಸಂದಿಯಲ್ಲಿ ಕೂತು ಹರಿದ ಚೀಲವೊಂದಕ್ಕೆ ಹೊಲಿಗೆ ಹಾಕುತ್ತಿದ್ದಳು. ಹೆಣ್ಣಾಳುಗಳೆಲ್ಲ ಹಣ್ಣು ತೂಗಿಸಿ ತಾವಿರುವ ಲೈನ್ ಮನೆಗಳ ಕಡೆ ಹೋಗಿಯಾಗಿತ್ತು. ಮೇಸ್ತ್ರಿಯಾದವಳು ಎಲ್ಲರಿಗಿಂತ ಕೊನೆಗೆ ಹೊರಡಬೇಕು ಎನ್ನುವುದು ಆ ತೋಟದ ಪದ್ಧತಿ. ಅದಕ್ಕಿಂತ ಹೆಚ್ಚಾಗಿ, ಬೇಗ ಹೋಗಿ ನೋಡಿಕೊಳ್ಳಬೇಕಾದ ಹಸು ಅವಳ ಕೊಟ್ಟಿಗೆಯಲ್ಲಿ ಈಗ ಇರಲಿಲ್ಲ.

ಅರಣ್ಯ ಇಲಾಖೆಯ ಲಾರಿ ಕೆಳಗಿನ ತೋಟದ ಗೇಟಿನ ಹತ್ತಿರ ನಿಂತಿತ್ತು. ನಾಲ್ಕೈದು ಜನ ಟಾರ್ಪಾಲು ಸರಿಸಿ, ಹಲಗೆ ಕೊಟ್ಟು, ಕಬ್ಬಿಣದ ದೊಡ್ಡ ಬೋನೊಂದನ್ನು ಜಾರಿಸಿ ಇಳಿಸಿದರು. ಬೋನಿನ ಬಾಗಿಲನ್ನು ಮೇಲಕ್ಕೆತ್ತಿ ಹಗ್ಗದಿಂದ ಕಟ್ಟಿದ್ದರು. ಒಳಗೆ ಏನೂ ಇರಲಿಲ್ಲ. ಕೊನೆಗೆ ಒಬ್ಬ ಹುಡುಗ ಬೆದರಿದ ಮೇಕೆಯೊಂದನ್ನು ಎದೆಗೆ ಅವಚಿಕೊಂಡು ಲಾರಿಯಿಂದ ಇಳಿದ. ಅವನು ರಾಮಮ್ಮನ ತಂಗಿಯ ಮಗ ಮನು.

"ಏನ್ಲಾ ಮನು ಅದು?" ಎನ್ನುತ್ತ ರಾಮಮ್ಮ ಎದ್ದು ಬಂದಳು.

ಮನು ಬೆಚ್ಚಿದ. "ದೊಡ್ಡವ್ವ! ನೀನಿನ್ನೂ ಇಲ್ಲೇ ಇದ್ದೀಯಾ? ಕತ್ಲಾಯ್ತದೆ, ಹೋಗು ಮನೆಗೆ."

"ಏನಂತ ಕೇಳ್ದೆ ಕಣೋ."

"ಏನೂ ಇಲ್ಲ. ನೋಡ್ದೆ ಅಂತ ಯಾರ್ಗೂ ಹೇಳ್ಬ್ಯಾಡ. ಸಾಹೇಬ್ರು ಕಟ್ಟುನಿಟ್ಟಾಗಿ ಹೇಳವ್ರೆ." ಅಷ್ಟು ಹೇಳಿ ಅವನು ಮೇಕೆಯನ್ನು ಹೊತ್ತು ಉಳಿದವರ ಹಿಂದೆ ಹೋದ. ತಿರುಗಿಯೂ ನೋಡಲಿಲ್ಲ.

ಹೇಳಬೇಡ ಎನ್ನುವ ಮಾತನ್ನು ರಾಮಮ್ಮನಿಗೆ ಹೇಳುವುದೂ ಒಂದೇ, ಒಲೆಯ ಮೇಲಿನ ಹಾಲಿಗೆ ಉಕ್ಕಬೇಡ ಎನ್ನುವುದೂ ಒಂದೇ. ಆದರೆ ಅವತ್ತು ಅವಳನ್ನು ಚುಚ್ಚಿದ್ದು ಆ ಮಾತಲ್ಲ. ಎರಡು ವರ್ಷದ ಕೂಸನ್ನು ಬಿಟ್ಟು ತಂಗಿ ಸತ್ತಾಗ ಇದೇ ಸೊಂಟದ ಮೇಲೆ ಹೊತ್ತು ಸಾಕಿದ ಹುಡುಗ ಅವನು. ಗಂಡ ಸತ್ತು, ಮಕ್ಕಳಿಲ್ಲದೆ ಇದ್ದವಳಿಗೆ ಅವನೇ ಮಗ, ಅವನೇ ಮನೆ. ಆನೆ ಓಡಿಸುವ, ಹುಲಿಯ ಹೆಜ್ಜೆ ಹುಡುಕುವ ತಂಡಕ್ಕೆ ದಿನಗೂಲಿಗೆ ಸೇರಿದ ಮೇಲೆ ಅವನ ಊಟ, ನಿದ್ದೆ ಎಲ್ಲ ಅವರ ಶೆಡ್ಡಿನಲ್ಲೇ. ಭಾನುವಾರ ಬಂದರೆ ಬಂದ. ಈಗ ಅವನಿಗೆ ತನಗಿಂತ ಆ ಸಾಹೇಬರು ಹೆಚ್ಚಾದರು ಎಂದು ಅವಳಿಗೆ ಅನಿಸಿತು.

ಇದಕ್ಕೂ ಸ್ವಲ್ಪ ದಿನ ಮೊದಲು ಹುಲಿ ಅವಳ ಹಸು ಕೆಂಪಿಯನ್ನು ನೀರು ಹರಿಯುವ ತೋಡಿನ ಪಕ್ಕ ಕೆಡವಿ, ಹಿಂಭಾಗ ತಿಂದು ಹೋಗಿತ್ತು. ಇಲಾಖೆಯವರು ಬಂದು ನಾಲ್ಕೂ ಕಡೆಯಿಂದ ಫೋಟೊ ತೆಗೆದುಕೊಂಡರು. ರಾಮಮ್ಮ ಸತ್ತ ಹಸುವಿನ ಕೊರಳು ಹಿಡಿದು ಅಳುತ್ತಿದ್ದಾಗ, ಬಂದವರಲ್ಲೊಬ್ಬ ಪಡ್ಡೆ ಹುಡುಗ, "ಏನ್ ಮಾಡೋದಜ್ಜಿ, ಹುಲೀಗೂ ಹೊಟ್ಟೆ ಇಲ್ವಾ?" ಅಂದ. ಇಬ್ಬರು ಕಿಸಕ್ಕೆಂದರು. ಮನು ನಗಲಿಲ್ಲ, ಆದರೆ ಅವರನ್ನು ತಡೆಯಲೂ ಇಲ್ಲ. ಆ ನಗು ಅವಳ ಕಿವಿಯಲ್ಲಿ ಹಾಗೇ ಕೂತುಬಿಟ್ಟಿತು.

ಇಲಾಖೆಯವರೇ ಎಲ್ಲಿಂದಲೋ ಹುಲಿ ತಂದು ತೋಟಗಳಿಗೆ ಬಿಡುತ್ತಾರೆ ಎನ್ನುವ ಮಾತು ಆ ಸೀಮೆಯಲ್ಲಿ ಹೊಸದಲ್ಲ. ಚಹಾದಂಗಡಿಯಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ಯಾರಾದರೊಬ್ಬರು ಅದನ್ನು ಹೇಳುತ್ತಲೇ ಇರುತ್ತಾರೆ. ತೋಟದವರನ್ನೆಲ್ಲ ಎಬ್ಬಿಸಿ ಕಾಡು ಬೆಳೆಸುವುದಕ್ಕೆ ಅಂತ ಒಬ್ಬರು, ಹೊರದೇಶದಿಂದ ದುಡ್ಡು ಬರುತ್ತದೆ ಅಂತ ಇನ್ನೊಬ್ಬರು. ರಾಮಮ್ಮ ಅದನ್ನೆಲ್ಲ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದಳು. ಹಸು ಸತ್ತ ಮೇಲೆ ಹಾಗೆ ಬಿಡುವುದು ಕಷ್ಟವಾಯಿತು. ಹುಲಿ ತಾನಾಗಿ ಬಂದು ತಿಂದಿದ್ದರೆ ಅದು ಹಣೆಬರಹ. ಹಣೆಬರಹವನ್ನು ಎಷ್ಟು ಬೈದರೂ ಅದು ತಿರುಗಿ ನೋಡುವುದಿಲ್ಲ. ಯಾರೋ ತಂದು ಬಿಟ್ಟಿದ್ದರೆ ಬೈಯುವುದಕ್ಕೆ ಒಂದು ಮುಖವಾದರೂ ಸಿಗುತ್ತದೆ. ಅವಳಿಗೆ ಆ ಮುಖ ಬೇಕಾಗಿತ್ತು.

ಮನೆಗೆ ಹೋಗುವ ದಾರಿಯಲ್ಲೇ ಅವಳ ತಲೆಯಲ್ಲಿ ಒಂದಕ್ಕೊಂದು ಸೇರಿಕೊಂಡವು. ಬೋನು ಬಂದಿದೆ, ಬಾಗಿಲು ತೆರೆದಿದೆ, ಒಳಗೆ ಏನಿಲ್ಲ, ಯಾರಿಗೂ ಹೇಳಬೇಡ ಎನ್ನುತ್ತಾನೆ. ಒಳಗಿದ್ದದ್ದು ಮತ್ತೆಲ್ಲಿ ಹೋಯಿತು? ಹುಲಿ ಬಿಡುವವರು ಮೇಕೆ ಯಾಕೆ ತರುತ್ತಾರೆ ಎಂದೂ ಒಂದು ಕ್ಷಣ ಹೊಳೆಯಿತು. ಶೆಡ್ಡಿನಲ್ಲಿ ಕೊಯ್ದು ತಿನ್ನಲು ತಂದಿರಬೇಕು ಎಂದು ಅವಳೇ ಸಮಾಧಾನ ಹೇಳಿಕೊಂಡಳು. ಅಷ್ಟಕ್ಕೆ ಮೇಕೆಯ ವಿಚಾರ ಮುಗಿಯಿತು.

ಮಾರನೆಯ ದಿನ ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅವಳು ಶುರುಮಾಡಿದ್ದು ಸಣ್ಣದಾಗಿಯೇ.

"ನಿನ್ನೆ ಸಂಜೆ ಲಾರಿ ಬಂದಿತ್ತು ಕಣ್ರೇ, ಕೆಳಗಿನ ಗೇಟಿಗೆ. ಬೋನು ಇಳಿಸಿದ್ರು. ಖಾಲಿ ಬೋನು."

ಗಂಗೆಯ ಕೈ ತುತ್ತಿನ ಜೊತೆ ಅರ್ಧಕ್ಕೆ ನಿಂತಿತು. ಪಕ್ಕದ ಲೈನ್ ಮನೆಯ ಗಂಗೆ ಯಾವ ಮಾತನ್ನೂ ತಾನಾಗಿ ಹುಟ್ಟಿಸುವವಳಲ್ಲ, ಹುಟ್ಟಿದ್ದಕ್ಕೆ ಮಾತ್ರ ಚೆನ್ನಾಗಿ ಹಾಲೂಡಿಸುವವಳು. "ಖಾಲಿ ಅಂದ್ರೆ? ಆಗ್ಲೇ ಬಿಟ್ಟಾಗಿತ್ತಾ ಅಕ್ಕ?"

"ಮತ್ತಿನ್ನೇನು? ಬಾಗ್ಲು ತೆಗ್ದೇ ಇತ್ತು."

"ಅಯ್ಯೋ ಶಿವ್ನೆ. ನಿಮ್ಮ ಮನು?"

"ಅವ್ನೂ ಇದ್ದ. ಯಾರ್ಗೂ ಹೇಳ್ಬ್ಯಾಡ ಅಂದ."

ಈಗ ಎಲ್ಲರೂ ಹತ್ತಿರ ಸರಿದರು. ಗಂಗೆಯ ಸೊಸೆ ಶೋಭಿತಾ ರಾಮಮ್ಮನ ಕಡೆ ಕಣ್ಣು ದೊಡ್ಡದು ಮಾಡಿ, "ಹುಲಿ ನೋಡಿದ್ರಾ ಅತ್ತೆ ನೀವು?" ಎಂದು ಕೇಳಿದಳು.

ರಾಮಮ್ಮ ಸುತ್ತ ನೋಡಿದಳು. ಇಷ್ಟು ಹೆಂಗಸರು ಉಣ್ಣುವುದನ್ನೇ ಮರೆತು ಅವಳ ಬಾಯಿಯನ್ನು ನೋಡಿದ್ದು ಅವಳ ಜನ್ಮದಲ್ಲಿ ಅದೇ ಮೊದಲು. ಸಾಲು ಬಿಡಬೇಡಿ, ಎಲೆ ಹರಿಯಬೇಡಿ, ಹಣ್ಣು ಚೆಲ್ಲಬೇಡಿ ಎಂದು ದಿನವಿಡೀ ಕೂಗುವ ಅವಳ ದನಿಗೆ ಅವರ ಕಿವಿಗಳು ಯಾವತ್ತೋ ಜಡ್ಡುಗಟ್ಟಿದ್ದವು. ಇಲ್ಲ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

"ಪೂರ್ತಿ ನೋಡಿಲ್ಲ," ಅಂದಳು. "ಬಾಲ ನೋಡ್ದೆ. ಗಿಡದೊಳಕ್ಕೆ ಸರ್ ಅಂತ ಹೋಯ್ತು."

ಒಮ್ಮೆ ಬಾಲ ಬಂದ ಮೇಲೆ ಹುಲಿ ಬರುವುದು ಎಷ್ಟು ಹೊತ್ತು? ಶೋಭಿತಾ ಫೋನು ತೆಗೆದು, "ಇದ್ರಲ್ಲಿ ಹೇಳಿ ಅತ್ತೆ, ನಮ್ಮ ಸಂಘದ ಗ್ರೂಪಿಗೆ ಹಾಕ್ತೀನಿ. ಹೆಸ್ರು ಹೇಳ್ಬ್ಯಾಡಿ, ಆಮೇಲೆ ತೊಂದ್ರೆ" ಎಂದು ಅವಳ ಬಾಯಿಯ ಹತ್ತಿರ ಹಿಡಿದಳು. ರಾಮಮ್ಮ ಸೆರಗು ಸರಿಮಾಡಿಕೊಂಡು ಗಂಟಲು ಸರಿಮಾಡಿಕೊಂಡಳು. ನಮ್ಮ ಮನೆಯ ಹುಡುಗನೇ ಆ ಲಾರಿಯಲ್ಲಿದ್ದ, ಅವನ ಕೈಯಲ್ಲೇ ಬಾಗಿಲು ತೆಗೆಸಿದರು, ಹುಲಿ ಜಿಗಿದು ಹೋಗಿದ್ದನ್ನು ನಾನೇ ಕಂಡೆ, ನನ್ನ ಹಸು ತಿನ್ನಿಸಿದವರೂ ಇವರೇ ಎಂದು ಹೇಳಿದಳು. ಮೇಕೆಯ ಮಾತು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅವತ್ತು ಸಂಜೆ ತೂಗುವಾಗ ತೋಟದ ಲೆಕ್ಕ ಬರೆಯುವ ರೈಟರ್ ಚಿದಾನಂದ ಕೂಡ ಮೆಲ್ಲಗೆ, "ಹೌದಾ ರಾಮಮ್ಮ?" ಎಂದು ಕೇಳಿದ. ಮರುದಿನ ಸಿದ್ದಾಪುರದ ಸಂತೆಯಲ್ಲಿ ಒಣಮೀನು ಮಾರುವವನ ಫೋನಿನಲ್ಲೂ ಅದೇ ದನಿ, ಅದೇ ಸುದ್ದಿ. ಅದನ್ನು ಹೇಳಿದವಳು ಎದುರಿಗೇ ನಿಂತಿದ್ದಾಳೆ ಎಂದು ಅವನಿಗೆ ಗೊತ್ತಿರಲಿಲ್ಲ. ರಾಮಮ್ಮ ಒಣಮೀನು ಕಟ್ಟಿಸಿಕೊಂಡು, ಒಳಗೊಳಗೇ ಹಿಗ್ಗುತ್ತಾ ಬಸ್ಸು ಹತ್ತಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವಳೇ ಎಷ್ಟು ಜನರಿಗೆ ಬುದ್ಧಿ ಹೇಳಿರಲಿಲ್ಲ!

ಆ ಸುದ್ದಿ ಎರಡು ದಿನದಲ್ಲಿ ಎಲ್ಲೆಲ್ಲಿಗೆ ಹೋಯಿತೋ, ಮೂರನೆಯ ದಿನ ಬೆಳಗ್ಗೆ ಪಿಕಪ್ ಗಾಡಿಯಲ್ಲಿ ಕೂತು ತಿರುಗಿ ಬಂತು. ಬಂದವರು ಅಕ್ಕಪಕ್ಕದ ಊರಿನವರು. ಅವರಲ್ಲಿ ಹಸು ಕಳೆದುಕೊಂಡವರೂ ಇದ್ದರು, ಸುಮ್ಮನೆ ನೋಡಲು ಬಂದವರೂ ಇದ್ದರು. ಬೋನಿನ ಕಾವಲಿಗೆ ಇದ್ದದ್ದು ಮನು ಮತ್ತು ಅವನ ಜೊತೆಗಾರ ಚಿಕ್ಕ, ಇಬ್ಬರೇ. ಚಿಕ್ಕ ಓಡಿದ. ಮನು ಬೋನಿಗೆ ಅಡ್ಡ ನಿಂತು, ಇದು ಮೇಕೆ ಕಟ್ಟಿ ಹುಲಿ ಹಿಡಿಯುವ ಬೋನು, ಬಿಡುವುದಲ್ಲ ಎಂದು ಹೇಳಲು ನೋಡಿದ. "ನಿಮ್ಮನೆಯವ್ರೇ ಹೇಳವ್ರಲ್ಲೋ, ಕೇಳು" ಎಂದು ಯಾರೋ ಫೋನನ್ನು ಅವನ ಕಿವಿಗೆ ಹಿಡಿದರು. ಅದನ್ನು ಕೇಳಿದ ಮೇಲೆ ಹುಡುಗ ಹೊಡೆತ ಬಿದ್ದರೂ ಕೈ ಅಡ್ಡ ಹಿಡಿಯಲಿಲ್ಲವಂತೆ. ಆಮೇಲೆ ಬೋನನ್ನು ಉರುಳಿಸಿ ತೋಡಿಗೆ ತಳ್ಳಿದರು. ಇದನ್ನೆಲ್ಲ ಮರೆಯಲ್ಲಿ ನಿಂತು ನೋಡಿದ್ದ ಚಿಕ್ಕ ಲೈನ್ ಮನೆಗಳ ಹತ್ತಿರ ಬಂದು ಅಳುತ್ತಾ ಹೇಳಿದ. ಕಳೆದ ಸಲ ಬೇರೊಂದು ತೋಟದಲ್ಲಿ ಬೋನಿಟ್ಟಾಗ ಫೋನು ಹಿಡಿದುಕೊಂಡು ಜನ ಜಾತ್ರೆ ಸೇರಿ ಹುಲಿ ಆ ಕಡೆ ತಲೆ ಹಾಕಿರಲಿಲ್ಲ, ಅದಕ್ಕೇ ಈ ಸಲ ಗುಟ್ಟಾಗಿ ತಂದಿದ್ದು ಎಂದೂ ಅವನೇ ಹೇಳಿದ. ರಾಮಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದಳು. ಗಂಗೆ ಅವಳ ಮುಖ ನೋಡಲಾರದೆ ಒಳಗೆ ಹೋದಳು.

ಪೇಟೆಯ ಆಸ್ಪತ್ರೆಯಲ್ಲಿ ಮನು ಕಿಟಕಿಯ ಪಕ್ಕದ ಮಂಚದಲ್ಲಿದ್ದ. ಬಲಗೈಗೆ ಮೊಣಕೈವರೆಗೆ ಪಟ್ಟಿ ಹಾಕಿದ್ದರು. ಮೇಲ್ತುಟಿ ಊದಿಕೊಂಡು ಮುಖದ ಚಹರೆಯೇ ಬೇರೆಯಾಗಿತ್ತು. ರಾಮಮ್ಮ ತಂದಿದ್ದ ಕ್ಯಾರಿಯರ್ ಬಿಚ್ಚಿ, ರಾಗಿ ಗಂಜಿ ಲೋಟಕ್ಕೆ ಬಗ್ಗಿಸಿ, ಆರಿಸಿ, ಅವನ ಬಾಯಿಯ ಹತ್ತಿರ ಹಿಡಿದಳು. ಅವನು ಮುಖ ಆಚೆ ತಿರುಗಿಸಿದ.

"ಒಂದು ಗುಟುಕು ಕುಡಿ ಮಗ."

ಅವನು ಗೋಡೆ ನೋಡುತ್ತಿದ್ದ. ಹಾಗೇ ಊದಿದ ತುಟಿಯಲ್ಲಿ ಮಾತು ತೊದಲುತ್ತಾ ಕೇಳಿದ: "ಮೇಕೆನ ನಾನು ನಿನ್ನೆದ್ರಿಗೇ ಇಳಿಸಿದ್ನಲ್ಲ ದೊಡ್ಡವ್ವ. ನೀನು ನೋಡಿದ್ದೆ ಅಲ್ವಾ?"

ಅವನು ಬೈದಿದ್ದರೆ ಅವಳು ಅಳಬಹುದಿತ್ತು. ಕೂಗಾಡಿದ್ದರೆ ಕಾಲು ಹಿಡಿಯಬಹುದಿತ್ತು. ಅವನು ಕೇಳಿದ್ದು ಅದೊಂದೇ. ನಾನು ಕಾಣದೆ ಹೇಳಿದ್ದಲ್ಲ, ಕಂಡೂ ಹೇಳಿದ್ದು ಎಂದು ಅವಳಿಗೆ ಆಗ ಪೂರ್ತಿ ತಿಳಿಯಿತು. ಮೈಮೇಲಿನ ಸೀರೆ ಯಾರೋ ಎಳೆದುಕೊಂಡ ಹಾಗೆ ನಾಚಿಕೆಯಾಯಿತು. ನಾನು ಪಾಪಿ ಕಣಪ್ಪ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಖಾಕಿ ತೊಟ್ಟವನೊಬ್ಬ ಒಳಗೆ ಬಂದ.

ಅವನು ಫಾರೆಸ್ಟರ್ ಸೋಮಯ್ಯ. ವಿಚಾರಣೆಗೆಂದು ಬೇರೆ ಕಡೆಯಿಂದ ಬಂದವನು, ಮುಖದಲ್ಲಿ ನಿದ್ದೆಗೆಟ್ಟ ಆಯಾಸ. ಸ್ಟೂಲು ಎಳೆದುಕೊಂಡು ಕೂತು, ಮೊದಲು ಹುಡುಗನ ಪಟ್ಟಿ ಮುಟ್ಟಿ ನೋಡಿ, ನೋವಿದೆಯಾ ಎಂದು ಕೇಳಿದ. ಆಮೇಲೆ ಫೋನು ತೆಗೆದ. "ಇದನ್ನ ಒಂದ್ಸಲ ಕೇಳು. ಯಾರ ದನಿ ಅಂತ ಗೊತ್ತಾಗ್ತದಾ ನೋಡು."

ರಾಮಮ್ಮ ತನ್ನ ದನಿಯನ್ನು ಹೊರಗಿನಿಂದ, ನೆಟ್ಟಗೆ ಕೇಳಿದ್ದು ಆಗಲೇ. ಸಂತೆಯಲ್ಲಿ ಕೇಳಿದಾಗ ಹಿಗ್ಗು ಕಿವಿ ಮುಚ್ಚಿತ್ತು. ಈಗ ಒಂದೊಂದು ಮಾತೂ ಬಿಡಿಬಿಡಿಯಾಗಿ ಬಂತು. ಸುಳ್ಳಿಗಿಂತಲೂ ಅವಳಿಗೆ ಕೇಳಲಾಗದೆ ಹೋದದ್ದು ಆ ದನಿಯಲ್ಲಿದ್ದ ಸಂತೋಷ. ಹಸು ಸತ್ತಿದ್ದನ್ನು ಹೇಳುವಾಗಲೂ ಅದು ಕುಣಿಯುತ್ತಿತ್ತು. ನಮ್ಮ ಮನೆಯ ಹುಡುಗ ಎನ್ನುವಲ್ಲಿ ಸ್ವಲ್ಪ ತಡೆದು, ಕೇಳುವವರು ಬಾಯಿ ಬಿಡಲಿ ಎಂದು ಕಾದಿತ್ತು.

"ನಮ್ಮ ಮನೆ ಹುಡುಗ ಅಂತಾಳೆ ನೋಡು," ಸೋಮಯ್ಯ ಹೇಳಿದ. "ಲಾರೀಲಿ ಇದ್ದ ಹುಡುಗ್ರು ನಾಲ್ಕು ಜನ. ಮೂರು ಜನರ ಮನೆಯವರನ್ನ ಮಾತಾಡ್ಸಿ ಬಂದೆ, ಯಾರದ್ದೂ ಈ ದನಿ ಅಲ್ಲ. ನಿನ್ನ ಮನೇಲಿ ಯಾರ್ಯಾರಿದ್ದಾರೆ?"

"ದೊಡ್ಡವ್ವ ಒಬ್ರೇ ಸಾರ್."

ಸೋಮಯ್ಯ ಲೋಟ ಹಿಡಿದು ನಿಂತವಳ ಕಡೆ ತಿರುಗಿದ. "ಇವರೇನಾ? ಏನಮ್ಮ, ನಿಮ್ಮ ಹೆಸರೇನು?"

ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರೆ. ಅವಳ ಬಾಯಿಯಿಂದ ಒಂದು ಹೆಸರು ಬಂದರೂ ಸಾಕಿತ್ತು, ಫೋನಿನಲ್ಲಿದ್ದ ಹೆಂಗಸು ಎದುರಿಗೆ ನಿಲ್ಲುತ್ತಿದ್ದಳು. ನಿಲ್ಲಬೇಕು ಎಂದೇ ಅವಳಿಗೆ ಇತ್ತು. ಆದರೆ ಪೊಲೀಸ್ ಸ್ಟೇಷನ್ನು, ಹೆಣ್ಣಾಳುಗಳು, ರೈಟರು, ಗಂಗೆ, ಎಲ್ಲರ ಮುಖಗಳೂ ಒಟ್ಟಿಗೇ ಕಣ್ಣಿಗೆ ಕಟ್ಟಿದವು.

"ಅವ್ರಿಗೆ ಮಾತು ಬರಲ್ಲ ಸಾರ್," ಅಂದ ಮನು.

ಮನು ಗೋಡೆಯ ಕಡೆಗೇ ನೋಡುತ್ತಿದ್ದ.

"ಓ," ಸೋಮಯ್ಯನ ದನಿ ತಗ್ಗಿತು. "ಗೊತ್ತಾಗ್ಲಿಲ್ಲ, ಬೇಜಾರ್ ಮಾಡ್ಕೋಬೇಡಿ." ಕೇಳಿಸದವರಿಗೆ ಹೇಳುವ ಹಾಗೆ ಕೈಯನ್ನು ಬಾಯಿಗೆ ತೋರಿಸಿ, ಊಟ ಆಯಿತಾ ಎಂದು ಸನ್ನೆ ಮಾಡಿದ. ರಾಮಮ್ಮ ತಲೆಯಾಡಿಸಿದಳು. ಆಗಿರಲಿಲ್ಲ. ಲೋಟ ಮಂಚದ ಪಕ್ಕ ಇಟ್ಟು ಹೊರಗೆ ಬಂದಳು. ಹೊಡೆಸಿದ್ದು ತಾನು, ಈಗ ಸುಳ್ಳು ಹೇಳಿಸಿದ್ದೂ ತಾನು. ಸಾಕಿದ ಋಣ ಅಂತ ಒಂದಿದ್ದರೆ ಹುಡುಗ ಅದನ್ನು ಅವತ್ತು ಬಡ್ಡಿಸಮೇತ ತೀರಿಸಿಬಿಟ್ಟಿದ್ದ.

ಹಜಾರದ ಬೆಂಚಿನಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಸೊಸೆಯ ಹೆರಿಗೆಗೆಂದು ಬಂದವಳು, ಹೊತ್ತು ಹೋಗದೆ ಫೋನು ನೋಡುತ್ತಿದ್ದಳು. ರಾಮಮ್ಮ ಸೆರಗಿನಿಂದ ಮುಖ ಮುಚ್ಚಿ ಅಳುವುದನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. "ಒಳಗಿರೋ ಹುಡುಗ ನಿಮ್ಮೋನಾ? ಹುಲಿ ಬಿಟ್ಟೋರಲ್ಲಿ ಒಬ್ಬ ಅಂತಲ್ಲ ಅವ್ನು?"

"ಅವ್ನು ಬಿಟ್ಟಿಲ್ಲ."

"ಅವ್ರ ಮನೆಯವ್ರೇ ಹೇಳವ್ರಲ್ಲಮ್ಮ. ನನ್ನ ಫೋನಲ್ಲೂ ಬಂದದೆ. ಎಷ್ಟು ಧೈರ್ಯದಿಂದ ಹೇಳವ್ರೆ ಗೊತ್ತಾ ಆ ಯಮ್ಮ!"

"ಆ ಯಮ್ಮ ನಾನೇ," ಅಂದಳು ರಾಮಮ್ಮ.

ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಫೋನನ್ನು ಕಿವಿಗಿಟ್ಟು ಸ್ವಲ್ಪ ಕೇಳಿದಳು, ಮತ್ತೆ ರಾಮಮ್ಮನನ್ನು ನೋಡಿದಳು. ಅವಳ ಮುಖ ಅರಳಿತು. ಎರಡೂ ಕೈ ಹಿಡಿದುಕೊಂಡು, "ಅಯ್ಯೋ, ನೀವೇನಾ! ನಮ್ಮೂರಲ್ಲೆಲ್ಲ ನಿಮ್ದೇ ಮಾತು" ಅಂದಳು.

"ಸುಳ್ಳು ಕಣಮ್ಮ ಅದು. ನಾನು ಹುಲೀನೂ ನೋಡಿಲ್ಲ, ಬಾಲಾನೂ ನೋಡಿಲ್ಲ. ಹಿಡಿಯೋಕೆ ತಂದಿದ್ದ ಬೋನು ಅದು. ನಾನು ಬಾಯಿಗೆ ಬಂದಂಗೆ ಹೇಳ್ದೆ. ನಮ್ಮ ಹುಡ್ಗನ್ನ ನಾನೇ ಹೊಡೆಸ್ದೆ." ಇಷ್ಟು ಹೇಳುವುದಕ್ಕೆ ಅವಳಿಗೆ ಜೀವ ಬಾಯಿಗೆ ಬಂತು. ಹೇಳಿದ ಮೇಲೆ, ಯಾರಾದರೂ ಕೆನ್ನೆಗೆ ಬಾರಿಸಲಿ ಎಂದು ಕಾಯುವವಳ ಹಾಗೆ ಮುಖವೆತ್ತಿ ಕೂತಳು.

ಹೆಂಗಸು ಬಾರಿಸಲಿಲ್ಲ. ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ, "ಗೊತ್ತಾಯ್ತು ಬಿಡಿ," ಅಂದಳು. "ಹಿಂಗೇ ಹೇಳ್ಬೇಕು ಅಂತ ಹೆದರ್ಸವ್ರೆ. ಹುಡುಗ ಅವ್ರ ಕೈಲವ್ನೆ, ನೀವಾದ್ರೂ ಏನು ಮಾಡೀರಿ?"

"ಯಾರೂ ಹೆದರ್ಸಿಲ್ಲಮ್ಮ. ನನ್ನಾಣೆಗೂ."

"ಹೂಂ, ಹೂಂ. ಹಂಗೇ ಅನ್ನಿ. ನಿಮ್ಮ ಹಿಂದೆ ನಾವೆಲ್ಲ ಇದ್ದೀವಿ."

ರಾಮಮ್ಮ ಏನೋ ಹೇಳಲು ಹೊರಟಳು. ಅಷ್ಟರಲ್ಲಿ ವಾರ್ಡಿನ ಬಾಗಿಲು ತೆರೆದು ಸೋಮಯ್ಯ ಹೊರಗೆ ಬಂದ. ಅವಳ ಬಾಯಿ ತಾನಾಗಿ ಮುಚ್ಚಿಕೊಂಡಿತು. ಅವನು ಬೆಂಚಿನ ಮುಂದೆ ನಿಂತು, ಒಳಗೆ ಕೈ ತೋರಿಸಿ, ಅಂಗೈಯನ್ನು ಕೆನ್ನೆಗೆ ಆನಿಸಿ ಕಣ್ಣು ಮುಚ್ಚಿ ತೋರಿಸಿದ. ಹುಡುಗನಿಗೆ ನಿದ್ದೆ ಹತ್ತಿದೆ. ಆಮೇಲೆ ತೋರುಬೆರಳನ್ನು ತುಟಿಗೆ ಅಡ್ಡ ಇಟ್ಟು, ಮೆಲ್ಲಗೆ ನಕ್ಕು, ಟೋಪಿ ಹಾಕಿಕೊಂಡು ಮೆಟ್ಟಿಲಿಳಿದ. ರಾಮಮ್ಮ ಮೂಗಿಯಂತೆ ಕೈ ಮುಗಿದಳು.

ಬೂಟಿನ ಸದ್ದು ಕೆಳಗೆ ಹೋಗುವವರೆಗೂ ಹೆಂಗಸು ಉಸಿರು ಬಿಗಿಹಿಡಿದಿದ್ದಳು. "ಕಂಡ್ರಾ!" ಅಂದಳು. "ನಗ್ತಾ ನಗ್ತಾನೇ ಬಾಯಿ ಮುಚ್ಚು ಅಂದ. ಇಲ್ದಿದ್ರೆ ಹುಡುಗನ್ನ ಮಲಗಿಸ್ಬಿಡ್ತೀನಿ ಅಂತ."

"ಅಲ್ಲ ಕಣಮ್ಮ. ಹುಡ್ಗ ಮಲ್ಗವ್ನೆ, ಸದ್ದು ಮಾಡ್ಬ್ಯಾಡಿ ಅಂದ್ರು, ಅಷ್ಟೇಯ."

"ಆಯ್ತಮ್ಮ, ಆಯ್ತು. ಅಳ್ಬ್ಯಾಡಿ." ಹೆಂಗಸು ಒಂದು ಕೈಯಿಂದ, ಹಟ ಹಿಡಿದ ಮಗುವನ್ನು ಸಮಾಧಾನ ಮಾಡುವ ಹಾಗೆ, ಅವಳ ಬೆನ್ನು ಸವರುತ್ತಲೇ ಇದ್ದಳು. ಇನ್ನೊಂದು ಕೈಯ ಹೆಬ್ಬೆರಳು ಆಗಲೇ ಫೋನಿನ ಮೇಲೆ ಓಡುತ್ತಿತ್ತು.